ಕಿರುಬೆರಳಿನ ಶಾಯಿ

ಭಾನುವಾರದ ಬೆಳಗ್ಗೆ ಕೂಸನ್ನು ಕಂಕುಳಲ್ಲೆತ್ತಿಕೊಂಡು ಪಲ್ಸ್ ಪೋಲಿಯೊ ಬೂತಿಗೆ ಹೋದದ್ದು ನಿಮಗೆ ನೆನಪಿದೆಯೇ? ಬಾಯಿಗೆ ಎರಡು ಹನಿ, ಎಡಗೈಯ ಕಿರುಬೆರಳಿಗೆ ಶಾಯಿ. ಬ್ಯಾನರಿನ ಮೇಲೆ ಸರ್ಕಾರದ ಲಾಂಛನದ ಜೊತೆಗೆ ರೋಟರಿಯ ಹಲ್ಲುಚಕ್ರವನ್ನೂ ಕಂಡಿರಬಹುದು. ವರ್ತಕರು, ವೈದ್ಯರು, ವಕೀಲರು ಸೇರುವ ಸಂಘಕ್ಕೆ ಅಲ್ಲೇನು ಕೆಲಸ?

1979ರಲ್ಲಿ ರೋಟರಿಯು ಫಿಲಿಪ್ಪೀನ್ಸ್ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಸುಮಾರು 60 ಲಕ್ಷ ಮಕ್ಕಳ ಲಸಿಕೆಯ ಹೊಣೆ ಹೊತ್ತಿತು. 1985ರಲ್ಲಿ ಜಗತ್ತಿಗೆಲ್ಲ ಪೋಲಿಯೊ ಲಸಿಕೆ ಮುಟ್ಟಿಸಲು 12 ಕೋಟಿ ಡಾಲರ್ ಕೂಡಿಸಲು ಹೊರಟಿತು; 1988ರ ಹೊತ್ತಿಗೆ ಕೂಡಿದ್ದು 24.7 ಕೋಟಿ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳೂ ಸೇರಿ ಜಾಗತಿಕ ನಿರ್ಮೂಲನ ಕಾರ್ಯ ಆರಂಭವಾಯಿತು.

ಭಾರತದಲ್ಲಿ 1995ರಿಂದ ದೇಶವ್ಯಾಪಿಯಾಗಿ ನಡೆದ ಈ ಕಾರ್ಯದ ದೊಡ್ಡ ಹೊರೆಯನ್ನು ಹೊತ್ತದ್ದು ಸರ್ಕಾರವೇ, ಇದನ್ನು ಮರೆಯಬಾರದು. ಬ್ಯಾನರಿನಲ್ಲಿ ಹೆಸರಿಲ್ಲದ ಅಂಗನವಾಡಿ ಕಾರ್ಯಕರ್ತೆಯನ್ನಂತೂ ಮರೆಯಲೇಬಾರದು. ಸಂಘವು ಹಣ ನೀಡಿತು, ಬೂತಿಗೆ ಜನರನ್ನು ಕರೆತಂದಿತು, ಸರ್ಕಾರಗಳ ಬೆನ್ನು ಬಿಡಲಿಲ್ಲ.

ನಮ್ಮ ಅನಂತಪುರದ ಸುತ್ತಲಿನ ಕಬ್ಬಿನ ಸೀಮೆಯನ್ನು ನೋಡಿ. ಲಸಿಕೆಯ ಸುತ್ತು ಸಾಮಾನ್ಯವಾಗಿ ಜನವರಿ, ಫೆಬ್ರವರಿಗೆ ಬರುತ್ತಿತ್ತು. ಅದೇ ಕಬ್ಬು ನುರಿಸುವ ಕಾಲ. ಮಹಾರಾಷ್ಟ್ರದಿಂದ ಬಂದು ಹೊಲದಂಚಿನ ಗುಡಿಸಲಲ್ಲಿ ತಂಗುವ ಕಟಾವುಗಾರರ ಕೂಸು ಯಾವ ಊರಿನ ಪಟ್ಟಿಗೆ ಸೇರೀತು? ಇಂಥವರಿಗಾಗಿಯೇ ಸಂಚಾರಿ ತಂಡಗಳು ಗುಡಿಸಲು, ಇಟ್ಟಿಗೆಭಟ್ಟಿ, ಬಸ್ ನಿಲ್ದಾಣಗಳಿಗೆ ಹೋಗಬೇಕಾಯಿತು.

2009ರಲ್ಲಿ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೊ ತಗುಲಿತ್ತು. ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತಿಯ ಪ್ರಮಾಣಪತ್ರ ದೊರೆಯಿತು. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ವೈರಾಣು ಇನ್ನೂ ಉಳಿದಿರುವುದರಿಂದ ಇಲ್ಲಿಯೂ ಹನಿ ಹಾಕುವುದು ನಿಂತಿಲ್ಲ.