ಹಳೆಯ ಸೈಕಲ್ಲಿಗೆ ಹಿಂದಿನ ಚಕ್ರ

ಅತ್ತಿಬೆಲೆಯ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನು ಶಾಲೆಗೆ ತರುತ್ತಿದ್ದ ಕಪ್ಪು ಸೈಕಲ್ಲು ನೆನಪಿರಬಹುದು. ಅದು ನಮ್ಮ ತೀರ್ಥರೂಪರು 1964ರಲ್ಲಿ ಕೊಂಡದ್ದು. ಕಳೆದ ತಿಂಗಳು ಅದರ ಹಿಂದಿನ ರಿಮ್ಮು ತುಕ್ಕು ತಿಂದು ಸೀಳಿತು. ಮೊಮ್ಮಗ ತನ್ನ ಗೇರ್ ಸೈಕಲ್ಲಿನ ಹೆಚ್ಚುವರಿ ಚಕ್ರವನ್ನು ತಂದು, "ತಾತ, ಇದನ್ನೇ ಹಾಕೋಣ, ಚಕ್ರ ಚಕ್ರಾನೇ ಅಲ್ವಾ?" ಎಂದ.

ಚಕ್ರವೆಲ್ಲ ಒಂದೇ ಆಗಿದ್ದ ಕಾಲವೂ ಇತ್ತು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಸೈಕಲ್ಲನ್ನು ರೂಪಿಸಿದರು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದರು. ಆ ಪರಂಪರೆಯಲ್ಲಿ ಬಂದ ಇಂಗ್ಲಿಷ್ ಸೈಕಲ್ಲಿನ 28 ಅಂಗುಲದ ಚಕ್ರಕ್ಕೆ ಮುಂದೆ 32, ಹಿಂದೆ 40 ಕಡ್ಡಿಗಳು. ಮದರಾಸಿನ ಟಿ.ಐ. ಸೈಕಲ್ಸ್ (1949), ಸೋನಿಪತ್ತಿನ ಅಟ್ಲಾಸ್ (1951), ಲೂಧಿಯಾನದ ಹೀರೋ (1956) ಎಲ್ಲವೂ ಈ ಮಾದರಿಯನ್ನೇ ಮಾಡಿದವು. ಆದ್ದರಿಂದಲೇ ಹಳ್ಳಿಯ ಪಂಕ್ಚರ್ ಅಂಗಡಿಯವನು ಯಾವ ಕಂಪನಿಯ ಸೈಕಲ್ಲನ್ನಾದರೂ ಧೈರ್ಯವಾಗಿ ಬಿಚ್ಚುತ್ತಿದ್ದ.

ಮೊಮ್ಮಗನಿಗೆ ಅಳತೆಪಟ್ಟಿ ಕೊಟ್ಟೆ. ಹಳೆಯ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 635 ಮಿಲಿಮೀಟರು, ಅವನದು 559. ಹಳೆಯ ಹಬ್ಬು ಸುಮಾರು 110 ಮಿಲಿಮೀಟರು ಅಗಲ, ಅವನದು 135. ಫ್ರೇಮಿನ ಹಿಂದಿನ ಕಾಲುಗಳನ್ನು ಹಿಗ್ಗಿಸಿಬಿಡೋಣ ಎಂದ. ಉಕ್ಕು ಹಿಗ್ಗುತ್ತದೆ, ನಿಜ. ಆದರೆ ಎರಡು ಬದಿಯೂ ಸಮನಾಗಿ ಹಿಗ್ಗದಿದ್ದರೆ ಚಕ್ರ ವಾಲುತ್ತದೆ, ಚೈನು ಓರೆಯಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬ್ರೇಕು. ನಮ್ಮ ಕಾಲದ ಕಂಬಿ ಬ್ರೇಕಿನ ರಬ್ಬರು ರಿಮ್ಮನ್ನು ಬದಿಯಿಂದ ಒತ್ತುವುದಿಲ್ಲ, ಒಳಗಡೆಯಿಂದ ಒತ್ತುತ್ತದೆ. ಸಣ್ಣ ಚಕ್ರ ಹಾಕಿದರೆ ರಿಮ್ಮು ಆ ರಬ್ಬರಿನ ಎದುರಿಗೆ ಬರುವುದೇ ಇಲ್ಲ. ಹೊಸೂರು ರಸ್ತೆಯ ಲಾರಿಗಳ ನಡುವೆ ಬ್ರೇಕಿಲ್ಲದ ಸೈಕಲ್ಲನ್ನು ಹುಡುಗನ ಕೈಗೆ ಕೊಡುವುದುಂಟೇ? ಅಪ್ಪನ ಫ್ರೇಮನ್ನು ಬಗ್ಗಿಸಲು ಮನಸ್ಸು ಒಪ್ಪಲಿಲ್ಲವೆಂಬುದೂ ಸುಳ್ಳಲ್ಲ.

ಹಬ್ಬು ಗಟ್ಟಿಯಾಗಿತ್ತು, ರಿಮ್ಮೂ ಕಡ್ಡಿಗಳೂ ಸಾಕಿದ್ದವು. ಇಲ್ಲಿನ ಅಂಗಡಿಯಲ್ಲಿ ಸಿಕ್ಕ ರಿಮ್ಮಿಗೆ 36 ತೂತು. ನಲವತ್ತರ ಹಬ್ಬಿಗೆ ಅದೇನು ಪ್ರಯೋಜನ? ಕೊನೆಗೆ ಗಡಿ ದಾಟಿ ಹೊಸೂರಿಗೆ ಹೋದೆವು. 1980ರಲ್ಲಿ ಟಿವಿಎಸ್ 50 ಮೊಪೆಡ್ಡು ಹೊರಬಂದದ್ದು ಆ ಊರಿನಿಂದಲೇ. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಅದನ್ನು ಕೊಂಡು ಸೈಕಲ್ಲುಗಳನ್ನು ಮೂಲೆಗೆ ಸೇರಿಸಿದ್ದರು. ಅಲ್ಲಿನ ಒಂದು ಹಳೆಯ ಅಂಗಡಿಯ ಅಟ್ಟದಿಂದ 40 ತೂತಿನ ರಿಮ್ಮು ಇಳಿಯಿತು!

ಮೆಕ್ಯಾನಿಕ್ ಹಬ್ಬಿನ ಗೋಲಿಗಳನ್ನು ಬದಲಿಸಿ ಗ್ರೀಸು ತುಂಬಿದ. ಹಳೆಯ ಕಡ್ಡಿಯ ಉದ್ದಕ್ಕೆ ಹೊಸದನ್ನು ಹೋಲಿಸಿ, ಒಂದೊಂದನ್ನೇ ಹೆಣೆದ. ಫ್ರೀವೀಲಿಗೆ ಜಾಗ ಬಿಡಬೇಕಾದ್ದರಿಂದ ಬಲಗಡೆಯ ಕಡ್ಡಿಗಳನ್ನು ಹೆಚ್ಚು ಬಿಗಿ ಮಾಡಿದ. ಬೆಂಡು ತೆಗೆಯುವುದಕ್ಕೇ ಒಂದು ಗಂಟೆ ಹಿಡಿಯಿತು. ಮೊಮ್ಮಗ ಮೊಬೈಲನ್ನು ಜೇಬಿಗಿಟ್ಟು ಕುಕ್ಕರುಗಾಲಿನಲ್ಲಿ ಕುಳಿತು ನೋಡಿದ.

ಈಗ ಅವನೇ ಅದನ್ನು ಓಡಿಸುತ್ತಾನೆ. ಬ್ರೇಕು ಹಿಡಿದರೆ ಕಿರ್ರೆನ್ನುತ್ತದೆ. ರಬ್ಬರು ಇನ್ನೂ ಹೊಸದು.