ದಂಡಿನಿಂದ ನ್ಯಾಯಾಲಯಕ್ಕೆ: ಥಾಮಸ್ ಅರ್ಸ್ಕಿನ್

ಥಾಮಸ್ ಅರ್ಸ್ಕಿನ್ 1750ರಲ್ಲಿ ಎಡಿನ್‌ಬರೋದಲ್ಲಿ, ಬುಕನ್ ಅರ್ಲ್ ಮನೆತನದ ಕಿರಿಯ ಮಗನಾಗಿ ಹುಟ್ಟಿದ. ಮನೆತನ ದೊಡ್ಡದು, ಕೈ ಬರಿದು. ಕಾಲೇಜು ಓದಿಗೆ ಹಣವಿಲ್ಲದೆ ಹದಿನಾಲ್ಕರ ವಯಸ್ಸಿಗೇ ನೌಕಾಪಡೆ ಸೇರಿದ. ಆ ಕಾಲದ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯ ಹುದ್ದೆ ಹಣಕ್ಕೆ ಸಿಗುತ್ತಿತ್ತು. 1768ರಲ್ಲಿ, ತಂದೆ ತೀರಿಕೊಂಡ ಬಳಿಕ, ಪಾಲಿಗೆ ಬಂದ ಅಲ್ಪ ಹಣದಿಂದ ರಾಯಲ್ ಸ್ಕಾಟ್ಸ್ ದಳದಲ್ಲಿ ಅಂಥದೊಂದು ಹುದ್ದೆಯನ್ನು ಕೊಂಡ. ಮಿನೋರ್ಕಾ ದ್ವೀಪದ ಕಾವಲಿನಲ್ಲಿ ಓದಿಗೆ ಬಿಡುವು ದೊರೆಯಿತು. ಅವನ ಮೊದಲ ಬರಹ ಸೇನೆಯ ಅಕ್ರಮಗಳನ್ನು ಕುರಿತದ್ದು. ಹೆಸರು ಹಾಕದೆ ಅಚ್ಚಾದ ಕಿರುಹೊತ್ತಿಗೆ ಅದು.

1775ರಲ್ಲಿ ದಂಡು ಬಿಟ್ಟು, ಲಂಡನ್ನಿನ ಲಿಂಕನ್ಸ್ ಇನ್ ಎಂಬ ವಕೀಲರ ಸಂಸ್ಥೆ ಸೇರಿ ಕಾನೂನು ಓದತೊಡಗಿದ. ಪದವಿಯಿದ್ದರೆ ವಕೀಲನಾಗಲು ಕಾಯಬೇಕಾದ ವರ್ಷಗಳು ಕಡಿಮೆಯಾಗುತ್ತವೆಂದು ಮರುವರ್ಷ ಕೇಂಬ್ರಿಜ್‌ಗೂ ಹೆಸರು ಕೊಟ್ಟ. ಹೆಂಡತಿ ಮಕ್ಕಳೊಂದಿಗೆ ಕಡುಬಡತನದಲ್ಲಿ ಆ ದಿನಗಳನ್ನು ಕಳೆದು, 1778ರಲ್ಲಿ ವಕೀಲನಾದ.

ಮೊದಲ ಮೊಕದ್ದಮೆ ಅದೇ ವರ್ಷ ಬಂತು. ಮುದಿ ನಾವಿಕರ ಆಶ್ರಯವಾಗಿದ್ದ ಗ್ರೀನಿಚ್ ಆಸ್ಪತ್ರೆಯ ಅಧಿಕಾರಿ ಕ್ಯಾಪ್ಟನ್ ಬೇಲಿ, ನಾವಿಕರಿಗೆ ಮೀಸಲಾದ ಹುದ್ದೆಗಳು ಕಡಲು ಕಾಣದವರ ಪಾಲಾಗುತ್ತಿವೆ ಎಂದು ಬರೆದು ಹಂಚಿದ್ದ. ಅದಕ್ಕಾಗಿ ಅವನ ಮೇಲೆ ಮಾನಹಾನಿಯ ದೂರು ಹೂಡಲಾಯಿತು. ಬೇಲಿಯ ಪರದ ಐವರು ವಕೀಲರಲ್ಲಿ ಅರ್ಸ್ಕಿನ್ ಕೊನೆಯವನು. ಹಿರಿಯರ ವಾದ ಮುಗಿಯುವಷ್ಟರಲ್ಲಿ ಹೊತ್ತು ಮೀರಿ, ವಿಚಾರಣೆ ಮರುದಿನಕ್ಕೆ ಹೋಯಿತು. ಹೊಸಬನಿಗೆ ಮುಂಜಾನೆಯ ಚುರುಕಾದ ಕಿವಿಗಳು ಸಿಕ್ಕವು. ನೌಕಾಖಾತೆಯ ಮುಖ್ಯಸ್ಥ ಲಾರ್ಡ್ ಸ್ಯಾಂಡ್‌ವಿಚ್‌ನ ಹೆಸರೆತ್ತಿ ಅವನೇ ಇದಕ್ಕೆಲ್ಲ ಹೊಣೆಯೆಂದ. ಆ ಲಾರ್ಡ್ ಈ ದಾವೆಯಲ್ಲಿ ಪಕ್ಷಗಾರನಲ್ಲವೆಂದು ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ತಡೆದರೂ ಹಿಂಜರಿಯಲಿಲ್ಲ. ಬೇಲಿ ಗೆದ್ದ. ದಂಡಿನ ಅಕ್ರಮದ ಬಗ್ಗೆ ಹೆಸರು ಮರೆಸಿ ಬರೆದವನು, ಹೆಸರು ಹಾಕಿ ಬರೆದವನ ಬೆನ್ನಿಗೆ ನಿಂತ ಗಳಿಗೆ ಅದು.

ಮುಂದೆಯೂ ಬರೆದವರನ್ನು, ಅಚ್ಚು ಹಾಕಿದವರನ್ನು ಕಾಯುವುದೇ ಅವನ ಮುಖ್ಯ ಕೆಲಸವಾಯಿತು. ಭಾರತದಲ್ಲಿನ ಆಡಳಿತಕ್ಕಾಗಿ ವಿಚಾರಣೆಗೆ ಗುರಿಯಾಗಿದ್ದ ವಾರನ್ ಹೇಸ್ಟಿಂಗ್ಸ್‌ನನ್ನು ಸಮರ್ಥಿಸುವ ಹೊತ್ತಿಗೆಯನ್ನು ಪ್ರಕಟಿಸಿ ಸಿಕ್ಕಿಬಿದ್ದ ಸ್ಟಾಕ್‌ಡೇಲ್ 1789ರಲ್ಲಿ ಅವನ ವಾದದಿಂದ ಬಿಡುಗಡೆಯಾದ. ಸೇಂಟ್ ಆಸಫ್ ಡೀನ್‌ನ ಪ್ರಕರಣದಲ್ಲಿ, ಬರಹ ಅಪರಾಧವೇ ಎಂಬುದನ್ನು ಜ್ಯೂರಿಯೇ ನಿರ್ಧರಿಸಬೇಕೆಂದು ಅವನು ವಾದಿಸಿದ್ದ. 1792ರಲ್ಲಿ ಅದು ಕಾಯ್ದೆಯಾಯಿತು. ಅದೇ ವರ್ಷ, ರಾಜಪ್ರಭುತ್ವವನ್ನು ಟೀಕಿಸಿ ಬರೆದ ಥಾಮಸ್ ಪೇನ್ ಪರ ನಿಂತು ಸೋತ. ಅದಕ್ಕಾಗಿ ವೇಲ್ಸ್ ರಾಜಕುಮಾರನ ಅಟಾರ್ನಿ ಜನರಲ್ ಹುದ್ದೆಯನ್ನೂ ಕಳೆದುಕೊಂಡ. 1794ರಲ್ಲಿ ಚಮ್ಮಾರ ಥಾಮಸ್ ಹಾರ್ಡಿಯನ್ನು ರಾಜದ್ರೋಹದ ಆರೋಪದಿಂದ ಪಾರುಮಾಡಿದ.

1797ರಲ್ಲಿ ಫ್ರಾನ್ಸ್ ಯುದ್ಧವನ್ನು ಕುರಿತ ಅವನ ಹೊತ್ತಿಗೆ ಹಲವು ಮುದ್ರಣ ಕಂಡಿತು. 1806ರಲ್ಲಿ ಲಾರ್ಡ್ ಚಾನ್ಸಲರ್ ಆದರೂ ಆ ಪೀಠ ಅವನಿಗೆ ವಕೀಲಿಯಷ್ಟು ಒಗ್ಗಲಿಲ್ಲ. 1817ರಲ್ಲಿ 'ಅರ್ಮಾಟಾ' ಎಂಬ ಕಾಲ್ಪನಿಕ ಕಥೆ ಬರೆದ. ಆದರೆ ಅವನ ಬರವಣಿಗೆಯಲ್ಲಿ ಉಳಿದದ್ದು 1810ರಲ್ಲಿ ಸಂಪುಟಗಳಾಗಿ ಅಚ್ಚಾದ ನ್ಯಾಯಾಲಯದ ಭಾಷಣಗಳೇ. ಅರ್ಸ್ಕಿನ್ 1823ರಲ್ಲಿ ತೀರಿಕೊಂಡ.