ಬರೋಡದ ಪುಸ್ತಕ ಪೆಟ್ಟಿಗೆಗಳು

ಬರೋಡ ಸಂಸ್ಥಾನದಲ್ಲಿ 1906ರಲ್ಲಿ ಪ್ರಾಥಮಿಕ ಶಿಕ್ಷಣವು ಕಡ್ಡಾಯವಾಯಿತು. ಶಾಲೆ ಬಿಟ್ಟ ಹುಡುಗನು ಓದಲು ಪುಸ್ತಕವಿಲ್ಲದೆ ಕಲಿತ ಅಕ್ಷರಗಳನ್ನೇ ಮರೆತರೆ, ಮಾಡಿದ ವೆಚ್ಚವೆಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತಲ್ಲವೆ? ಮೂರನೆಯ ಸಯಾಜಿರಾವ್ ಗಾಯಕವಾಡರು ಇದನ್ನು ಮನಗಂಡು, 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಸಿದರು. ಹಣದ ಏರ್ಪಾಡು ನಮಗೆ ಬಹಳ ಮೆಚ್ಚುಗೆಯಾಗಿದೆ: ಊರವರು ಕೂಡಿಸಿದಷ್ಟನ್ನೇ ಪಂಚಾಯತಿಯೂ ಅಷ್ಟನ್ನೇ ಸರ್ಕಾರವೂ ಕೊಡುತ್ತಿದ್ದುವು. ಕಟ್ಟಡವಿಲ್ಲದ ಊರಿಗೆ ಸಂಚಾರಿ ಪುಸ್ತಕಗಳ ಮರದ ಪೆಟ್ಟಿಗೆ ಹೋಗುತ್ತಿತ್ತು. ತೊಡಕಿದ್ದುದು ನೋಡಿಕೊಳ್ಳುವವರ ವಿಷಯದಲ್ಲಿ. ಹಲವೆಡೆ ಶಾಲೆಯ ಉಪಾಧ್ಯಾಯರೇ ಗ್ರಂಥಪಾಲರು! ಬೋರ್ಡನ್ನರು 1911ರಲ್ಲಿ ತರಬೇತಿನ ತರಗತಿಯನ್ನೇನೋ ತೆರೆದರು. ಆದರೆ ಹಗಲೆಲ್ಲ ಪಾಠ ಹೇಳಿ ದಣಿದ ಮೇಷ್ಟರಿಗೆ ಬಿಡುವೆಲ್ಲಿ? ಆಯವ್ಯಯದಲ್ಲಿ ಮೊದಲು ಅವರ ಸಂಜೆಯ ದುಡಿಮೆಗೆ ಬೆಲೆ ಕಟ್ಟಿ, ಆಮೇಲೆ ಪುಸ್ತಕಗಳನ್ನು ಎಣಿಸಬೇಕಾಗಿತ್ತೆಂದು ನಾವು ಭಾವಿಸುತ್ತೇವೆ.